ಚೀಟಿಯಲ್ಲಿಲ್ಲದ ಸೋಮವಾರ

ಬೋರ್ಡಿನ ಮೇಲಿದ್ದ ನಾಲ್ಕನೆಯ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗ ಶರಾವತಿಯ ಪೆನ್ನು ನಿಂತಿತು. ‘ತಮಗೆ ಇಷ್ಟವಾದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು’ ಎಂದಿತ್ತು ಅಲ್ಲಿ. ಹೋದ ಮಂಗಳವಾರವಷ್ಟೇ ಅವಳು ತನ್ನ ನೇರಳೆ ಬಣ್ಣದ ರೇಷ್ಮೆ ಸೀರೆಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಿದ್ದಳು. ‘ನಂಗೆ ಈಗ ಈ ಬಣ್ಣ ಒಪ್ಪಲ್ಲ ಕಣೆ, ನೀನುಟ್ಕೋ’ ಎಂದಿದ್ದಳು. ಹುಡುಗಿ ಕಾಲಿಗೆ ನಮಸ್ಕಾರ ಮಾಡಿ ಸೀರೆಯನ್ನು ಎದೆಗೆ ಒತ್ತಿಕೊಂಡು ಓಡಿತ್ತು.

ಐದನೆಯ ಸಾಲು, ‘ಮನೆಯ ಕೆಲಸ, ಕಾಗದಪತ್ರಗಳನ್ನೆಲ್ಲ ಅವಸರದಲ್ಲಿ ಒಪ್ಪ ಮಾಡಿಡುವುದು.’ ಫ್ರಿಜ್ಜಿನ ಬಾಗಿಲಿಗೆ ಅವಳೇ ಅಂಟಿಸಿದ ಹಾಳೆ ಕಣ್ಣ ಮುಂದೆ ಬಂತು. ಗ್ಯಾಸ್ ಬುಕ್ ಮಾಡುವ ನಂಬರು, ಬೆಳಗಿನ ಬಿ.ಪಿ. ಮಾತ್ರೆ ಯಾವುದು, ಸಂಜೆಯದು ಯಾವುದು, ಸಾರಿನ ಪುಡಿ ಯಾವ ಡಬ್ಬಿಯಲ್ಲಿದೆ, ನಲ್ಲಿ ನೀರು ಯಾವ ದಿನ ಬರುತ್ತದೆ. ಗಂಡನಿಗೆ ಕನ್ನಡಕವಿಲ್ಲದೆಯೂ ಕಾಣಲೆಂದು ದಪ್ಪಕ್ಷರದಲ್ಲಿ ಬರೆದಿದ್ದಳು.

ಆರನೆಯದು, ‘ಬಹಳ ದಿನ ಸಂಕಟದಲ್ಲಿದ್ದವರು ಇದ್ದಕ್ಕಿದ್ದಂತೆ ಶಾಂತರಾಗುವುದು.’

ಶರಾವತಿ ನೋಟ್‌ಬುಕ್ಕಿನ ಮೇಲೆ ಅಂಗೈ ಇಟ್ಟಳು. ವಿನೋಬನಗರದ ಆ ಸಮುದಾಯ ಭವನದಲ್ಲಿ ನಲವತ್ತು ಹೆಂಗಸರಿದ್ದರು. ಅಂಗನವಾಡಿ ಕಾರ್ಯಕರ್ತೆಯರು, ಹೊಲಿಗೆ ಕ್ಲಾಸಿನವರು, ಸ್ತ್ರೀಶಕ್ತಿ ಸಂಘದವರು, ಒಬ್ಬ ಬಸ್ ಕಂಡಕ್ಟರ್. ಎಲ್ಲರೂ ತಲೆ ತಗ್ಗಿಸಿ ಅವಳ ಹೋದ ವಾರವನ್ನು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು. ಈಗ ಯಾರಾದರೂ ತಲೆಯೆತ್ತಿ ತನ್ನ ಕಡೆ ನೋಡಿದರೆ ಎಂದು ಅವಳಿಗೆ ಭಯವಾಯಿತು. ಯಾರೂ ನೋಡಲಿಲ್ಲ. ಆಗ ಇನ್ನೊಂದು ಥರದ ಭಯವಾಯಿತು.

ಅವಳು ಬರಬೇಕಾದವಳೇ ಅಲ್ಲ. ಭದ್ರಾವತಿ ಓಲ್ಡ್ ಟೌನಿನ ಭಜನಾ ಮಂಡಳಿಗೆ ‘ಆತ್ಮಹತ್ಯೆ ತಡೆ: ಒಂದು ದಿನದ ಗೇಟ್‌ಕೀಪರ್ ತರಬೇತಿ’ ಎಂದು ಪತ್ರ ಬಂದಿತ್ತು. ಮಂಡಳಿಯಿಂದ ಒಬ್ಬರನ್ನು ಕಳಿಸಬೇಕು. ಕಾರ್ಯದರ್ಶಿಗೆ ಮೊಣಕಾಲು ನೋವು. ‘ನೀನು ಹೋಗಿ ಬಾ ಶರಾವತಿ, ಈಗ ನಿಂಗೆ ಮನೇಲಿ ಏನು ಕೆಲಸ, ಅತ್ತೆ ಇಲ್ಲ, ಏನಿಲ್ಲ’ ಎಂದರು ಆಕೆ. ಶರಾವತಿ ಇಲ್ಲ ಎನ್ನಲಿಲ್ಲ. ಸೋಮವಾರಕ್ಕೆ ಮೊದಲು ಬರುವ ಶನಿವಾರವನ್ನು ಹೇಗಾದರೂ ಕಳೆಯಬೇಕಿತ್ತು.

ಸೋಮವಾರ ಬೆಳಗಿನ ರೈಲಿಗೆ ಅವಳ ಗಂಡ ನರಸಿಂಹಮೂರ್ತಿ ಕಾರ್ಖಾನೆಯ ನಿವೃತ್ತರ ಸಂಘದವರ ಜೊತೆ ಬೆಂಗಳೂರಿಗೆ ಹೋಗುತ್ತಾರೆ. ಬರುವುದು ಮಂಗಳವಾರ ಸಂಜೆ. ಮಗಳು ದಾವಣಗೆರೆಯಲ್ಲಿ ತನ್ನ ಎಳೆಮಗುವಿನ ಜೊತೆ ಇದ್ದಾಳೆ. ದಿನ ನಿಶ್ಚಯವಾದ ಮೇಲೆ ಅವಳಿಗೆ ನಿದ್ದೆ ಬರತೊಡಗಿತ್ತು. ಏಳು ತಿಂಗಳಲ್ಲಿ ಮೊದಲ ಸಲ ಬೆಳಗಿನ ಐದರವರೆಗೆ ಮಲಗಿದಳು. ‘ಮುಖದಲ್ಲಿ ಕಳೆ ಬಂದಿದೆ ನಿಂಗೆ, ಆ ಗಣಪತಿ ಕಣ್ಬಿಟ್ಟ’ ಎಂದು ನರಸಿಂಹಮೂರ್ತಿ ಸಂತೋಷಪಟ್ಟಿದ್ದರು.

ಏಳು ತಿಂಗಳ ಹಿಂದೆ, ಮಾಘದಲ್ಲಿ, ಅತ್ತೆ ಸೀತಮ್ಮ ತೀರಿಕೊಂಡಿದ್ದರು. ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದರು. ಕೊನೆಯ ಮೂರು ವರ್ಷ ಮಾತೂ ನಿಂತಿತ್ತು. ಮಾತಿದ್ದಾಗ ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದುದು ಒಂದೇ, ‘ಬಿಡ್ತು ಅನ್ನು.’ ಯಾರಾದರೂ ಸಾವು, ಹಾಳು, ನಾಶ ಎಂಬಂಥ ಮಾತಾಡಿದರೆ ಸಾಕು, ತಕ್ಷಣ ಅದನ್ನು ಹಿಂದಕ್ಕೆ ತೆಗೆಸುತ್ತಿದ್ದರು. ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟ ಮಾತು ಕಿವಿಗೆ ಬಿದ್ದರೆ ‘ಅಸ್ತು’ ಎಂದುಬಿಡುತ್ತಾರೆ, ಅವರಿಗಿಂತ ಮೊದಲು ನಾವು ‘ಬಿಡ್ತು’ ಅನ್ನಬೇಕು. ಶರಾವತಿ ಮದುವೆಯಾಗಿ ಬಂದ ಹೊಸತರಲ್ಲಿ ಒಗ್ಗರಣೆ ಸೀದುಹೋದದ್ದಕ್ಕೆ ‘ಸುಟ್ಟು ಹಾಳಾಯ್ತು’ ಎಂದಾಗಲೂ ಅನ್ನಿಸಿದ್ದರು.

ಆ ಮಾಘದ ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಆ ದಿನ ಮೂರನೆಯ ಸಲ ಅತ್ತೆಯ ಹಾಸಿಗೆ ಬದಲಾಯಿಸುತ್ತಿದ್ದಳು. ಸೊಂಟ ಹಿಡಿದುಕೊಂಡಿತ್ತು. ‘ನಿಮಗೂ ಸಾಕು, ನನಗೂ ಸಾಕು. ಒಂದ್ಸಲ ಹೋಗಿಬಿಡಬಾರದಾ’ ಎಂಬ ಮಾತು ಬಾಯಿಂದ ಬಂದುಬಿಟ್ಟಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆಯ ತುಟಿ ಅಲುಗಾಡಿತು. ‘ಬಿಡ್ತು ಅನ್ನು’ ಎನ್ನಲು ಅವರಿಗೆ ಮಾತಿರಲಿಲ್ಲ, ಶರಾವತಿ ತಾನಾಗಿ ಅನ್ನಲಿಲ್ಲ. ಅವರು ಅವಳನ್ನೇ ನೋಡುತ್ತಿದ್ದರು. ಅದಾಗಿ ಒಂಬತ್ತನೆಯ ದಿನ ಹೋದರು.

ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಅವಳನ್ನು ಹೊಗಳಿದರು. ಹೆತ್ತ ಮಗಳೂ ಇಷ್ಟು ಮಾಡಲ್ಲ ಎಂದರು. ಹೊಗಳಿಕೆಯನ್ನು ಕೇಳುತ್ತಾ ಎಲೆಯ ಮುಂದೆ ಕುಳಿತವಳಿಗೆ ತುತ್ತು ಇಳಿಯಲಿಲ್ಲ. ಅಲ್ಲಿಂದೀಚೆಗೆ ಏನೂ ಇಳಿಯುತ್ತಿಲ್ಲ. ದಿನ ನಿಶ್ಚಯವಾಗುವವರೆಗೂ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗಿ ಅತ್ತೆಯ ಕೋಣೆಗೆ ಹೋಗಿ ಖಾಲಿ ಮಂಚದ ಹತ್ತಿರ ನಿಲ್ಲುತ್ತಿದ್ದಳು. ಯಾರಿಗೆ ಹೇಳುವುದು, ಏನೆಂದು ಹೇಳುವುದು. ಗಂಡ ಒಳ್ಳೆಯವರು, ಮಗಳು ಸುಖವಾಗಿದ್ದಾಳೆ, ಮನೆ ಸ್ವಂತದ್ದು. ಇಷ್ಟಿದ್ದೂ ಬದುಕಲು ಆಗುತ್ತಿಲ್ಲ ಎಂದರೆ ಅದೂ ಒಂದು ಕೊಬ್ಬಿನ ಮಾತಿನಂತೆ ಕೇಳಿಸುತ್ತದೆ.

ಮಧ್ಯಾಹ್ನ ಪುಳಿಯೋಗರೆ, ಮೊಸರನ್ನ ಆದ ಮೇಲೆ ಸುಮನಾ ಎಲ್ಲರನ್ನೂ ಇಬ್ಬಿಬ್ಬರಾಗಿ ಕೂರಿಸಿದಳು. ಸುಮನಾ ತರಬೇತಿ ಕೊಡಲು ಬಂದಿದ್ದ, ಮೂವತ್ತರ ಆಸುಪಾಸಿನ ಆಪ್ತ ಸಮಾಲೋಚಕಿ. ಕಾಟನ್ ಕುರ್ತಾ, ಕೊರಳಲ್ಲಿ ಗುರುತಿನ ಚೀಟಿ.

‘ಈಗ ಪಾತ್ರ ಮಾಡ್ತೀರಿ. ಒಬ್ರು ಕಷ್ಟದಲ್ಲಿರೋರು, ಇನ್ನೊಬ್ರು ಕೇಳೋರು. ಕಷ್ಟದಲ್ಲಿರೋರಿಗೆ ಒಂದು ಚೀಟಿ ಕೊಡ್ತೀನಿ, ಅದರಲ್ಲಿ ನೀವ್ಯಾರು, ಏನಾಗಿದೆ ಅಂತ ಇರುತ್ತೆ. ಕೇಳೋರು ಬೆಳಿಗ್ಗೆ ಹೇಳ್ಕೊಟ್ಟ ಹಾಗೆ ನೇರವಾಗಿ ಕೇಳ್ಬೇಕು. ಸುತ್ತಿ ಬಳಸಿ ಬೇಡ. ಕೇಳಿದ್ರೆ ಇಲ್ಲದ ಯೋಚನೆ ಬರುತ್ತೆ ಅನ್ನೋದು ಸುಳ್ಳು. ಕೇಳಿದ್ರೆ ಅವರಿಗೆ ಹೇಳೋಕೆ ಜಾಗ ಸಿಗುತ್ತೆ.’

ಶರಾವತಿಯ ಜೋಡಿ ದಾಕ್ಷಾಯಣಮ್ಮ. ಅರವತ್ತು ದಾಟಿದ, ಅಗಲ ವಿಭೂತಿಯ ಹೆಂಗಸು. ಆಲ್ಕೊಳದಲ್ಲಿ ಆಕೆ ಮತ್ತು ಗಂಡ ಮುರುಗೇಶಪ್ಪ ಹಿಟ್ಟಿನ ಗಿರಣಿ ನಡೆಸುತ್ತಾರೆ. ಬೆಳಿಗ್ಗೆ ಪರಿಚಯ ಮಾಡಿಕೊಳ್ಳುವಾಗಲೇ ಎಲ್ಲರನ್ನೂ ನಗಿಸಿದ್ದಳು.

‘ಗೇಟ್‌ಕೀಪರ್ ಟ್ರೈನಿಂಗ್ ಅಂದ್ರು, ರೈಲ್ವೆ ಗೇಟು ಹಾಕೋದು ಅನ್ಕೊಂಡು ಬಂದೆ. ಆದ್ರೂ ನನ್ನ ಕರೆದಿದ್ದು ಸರಿ ಐತೆ ಬಿಡಿ. ಹೆಂಗಸ್ರು ಗಂಡನ ಮೇಲಿನ ಸಿಟ್ಟು, ಅತ್ತೆ ಕಾಟ ಎಲ್ಲ ಹೇಳೋದು ನನ್ನ ಗಿರಣೀಲೇ. ಅದೂ ಮಿಷನ್ ಓಡ್ತಿರುವಾಗ. ಯಾರಿಗೂ ಕೇಳಲ್ಲ ಅಂತ ಧೈರ್ಯ. ನಂಗೂ ಅರ್ಧ ಕೇಳಲ್ಲ, ಹೂಂ ಹೂಂ ಅಂತೀನಿ.’

ಶರಾವತಿಯ ಕೈಗೆ ಬಂದ ಚೀಟಿಯಲ್ಲಿ ಹೀಗಿತ್ತು: ‘ನೀವು ಹದಿನೆಂಟು ವರ್ಷದ ವಿದ್ಯಾರ್ಥಿನಿ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಫೇಲಾಗಿದ್ದೀರಿ. ಮನೆಯಲ್ಲಿ ಯಾರೂ ಮಾತಾಡಿಸುತ್ತಿಲ್ಲ.’

‘ಯಾರು ನೀನು, ಓದು ನೋಡನ’ ಎಂದಳು ದಾಕ್ಷಾಯಣಮ್ಮ.

‘ಪಿಯುಸಿ ಫೇಲಾದ ಹುಡುಗಿ.’

‘ಅಯ್ಯ ಮಾರಾಯ್ತಿ, ತಲೆಕೂದಲು ಬೆಳ್ಳಗಾಗೋವರೆಗೂ ಫೇಲಾಗ್ತಾನೇ ಇದ್ದೀಯಲ್ಲ.’

ಅಕ್ಕಪಕ್ಕದವರು ನಕ್ಕರು. ಸುಮನಾಳೂ ನಗುತ್ತಾ ಹತ್ತಿರ ಬಂದು ನಿಂತಳು. ‘ಈ ಜೋಡಿ ಎಲ್ಲರ ಮುಂದೆ ಮಾಡ್ಲಿ. ಬನ್ನಿ ಆಂಟಿ.’

ಇಬ್ಬರೂ ನಡುವಿನ ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎದುರುಬದುರು ಕುಳಿತರು. ದಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡು ಕೆಮ್ಮಿದಳು. ‘ಏನವ್ವ, ಸಪ್ಪಗಿದ್ದೀಯಲ್ಲ. ಏನಾತು?’

ಶರಾವತಿ ಚೀಟಿ ನೋಡಿದಳು. ‘ಫೇಲಾಗಿದೀನಿ’ ಎಂದಳು. ಆಮೇಲೆ ಚೀಟಿಯನ್ನು ಮಡಿಲಲ್ಲಿ ಮಗುಚಿ ಇಟ್ಟಳು. ‘ನಿದ್ದೆ ಬರಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕೂತ್ಕೋತೀನಿ. ಬೆಳಕಾಗುತ್ತಲ್ಲ ಅಂತ ಭಯ ಆಗುತ್ತೆ. ಇನ್ನೊಂದು ದಿನ ಪೂರ್ತಿ ಇರಬೇಕಲ್ಲ ಅಂತ. ಎಲ್ಲರೂ ನನ್ನ ಒಳ್ಳೇಳು ಅಂತಾರೆ. ಅವರು ಹಾಗಂದಾಗ ಅಲ್ಲೇ ಇಲ್ಲವಾಗಿಬಿಡಬೇಕು ಅನ್ಸುತ್ತೆ.’

ತನ್ನ ದನಿ ತನ್ನಿಂದ ಬೇರೆಯಾಗಿ, ಸಲೀಸಾಗಿ ಹೋಗುತ್ತಿರುವುದನ್ನು ಶರಾವತಿ ಕೇಳಿದಳು. ಹದಿನೆಂಟರ ಹುಡುಗಿಯ ಹೆಸರಿನಲ್ಲಿ ಎಷ್ಟು ಸುಲಭ.

‘ಅಂದ್ರೆ ನಿಂಗೆ... ಹಂಗೆ ಹಿಂಗೆ ಏನಾರ ಅನ್ಸ್ತೈತಾ?’ ಎಂದಳು ದಾಕ್ಷಾಯಣಮ್ಮ.

‘ಹಂಗೆ ಹಿಂಗೆ ಅಂದ್ರೆ ಏನು ಆಂಟಿ’ ಎಂದಳು ಸುಮನಾ, ‘ಬಾಯ್ಬಿಟ್ಟು ಕೇಳಿ.’

ದಾಕ್ಷಾಯಣಮ್ಮ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು. ‘ಸಾಯ್ಬೇಕು ಅಂತ ಅನ್ಸ್ತೈತೇನವ್ವ?’

ಯಾರೂ ಯಾವತ್ತೂ ಅವಳನ್ನು ಹೀಗೆ ಕೇಳಿರಲಿಲ್ಲ. ಶರಾವತಿ ಆ ಅಗಲ ಮುಖವನ್ನು ನೋಡಿದಳು.

‘ಹೂಂ. ಸೋಮವಾರ ಅಂತ ಇಟ್ಕೊಂಡಿದೀನಿ.’

ದಾಕ್ಷಾಯಣಮ್ಮನ ಕೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಬೀಸಿತು. ‘ಬಿಡ್ತು ಅನ್ನು. ಶನಿವಾರದ ಹೊತ್ತು, ಎಂಥ ಮಾತಾಡ್ತಿ. ಬಿಡ್ತು ಅನ್ನು ಮೊದ್ಲು.’

‘ಬಿಡ್ತು’ ಎಂದಳು ಶರಾವತಿ.

ಭವನವೆಲ್ಲ ಗೊಳ್ಳೆಂದಿತು. ಬಸ್ ಕಂಡಕ್ಟರ್ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ದಾಕ್ಷಾಯಣಮ್ಮ ನಾಲಿಗೆ ಕಚ್ಚಿಕೊಂಡು ತಾನೂ ನಕ್ಕಳು. ಸುಮನಾ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

‘ನೋಡಿ, ನಾವೆಲ್ಲರೂ ಮಾಡೋದು ಇದನ್ನೇ. ನಮ್ಮಮ್ಮನೂ ಹೀಗೇ ಅನ್ನಿಸ್ತಾರೆ. ಬಿಡ್ತು ಅಂತ ಅವರ ಬಾಯಲ್ಲಿ ಬಂದ ತಕ್ಷಣ ಆ ಮಾತು ಮುಗೀತು. ಇನ್ನು ಅವರು ಯಾರ ಹತ್ರಾನೂ ಹೇಳಲ್ಲ. ಆದ್ರೆ ಶರಾವತಿ ಆಂಟಿ, ಎಂಥ ಆಕ್ಟಿಂಗ್ ನಿಮ್ಮದು. ನಂಗೆ ಮೈ ಜುಮ್ಮಂತು. ಎಲ್ಲರೂ ಒಂದು ಚಪ್ಪಾಳೆ ಹೊಡೀರಿ.’

ನಲವತ್ತು ಜನ ಚಪ್ಪಾಳೆ ತಟ್ಟಿದರು.

ನಾಲ್ಕು ಗಂಟೆಗೆ ಪ್ರಮಾಣಪತ್ರ ಕೊಟ್ಟರು. ಜೊತೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರು ಅಚ್ಚಾದ ಪುಟ್ಟ ಕಾರ್ಡು. ಗ್ರೂಪ್ ಫೋಟೋದಲ್ಲಿ ಶರಾವತಿಯನ್ನು ಮುಂದಿನ ಸಾಲಿಗೆ ಎಳೆದರು. ಜೋಡಿಗಳು ಫೋನ್ ನಂಬರು, ವಿಳಾಸ ಬರೆದುಕೊಳ್ಳಬೇಕು, ಒಂದು ವಾರದೊಳಗೆ ಒಬ್ಬರನ್ನೊಬ್ಬರು ವಿಚಾರಿಸಬೇಕು ಎಂದು ಸುಮನಾ ಹೇಳಿದ್ದಳು. ದಾಕ್ಷಾಯಣಮ್ಮ ತನ್ನ ಪುಸ್ತಕವನ್ನೇ ಚಾಚಿದಳು. ‘ನೀನೇ ಬರಿ, ನನ್ನ ಅಕ್ಷರ ನಂಗೇ ಓದಕ್ಕಾಗಲ್ಲ.’ ಶರಾವತಿ ಬರೆದುಕೊಟ್ಟು, ಕೈಯಲ್ಲೇ ಉಳಿದಿದ್ದ ಚೀಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅದೇ ಪುಸ್ತಕದ ನಡುವೆ ಸಿಕ್ಕಿಸಿದಳು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪ್ರಮಾಣಪತ್ರ ಮಡಚಬಾರದೆಂದು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡಿದ್ದಳು. ಹೇಳಿಯಾಯಿತು ಎಂದುಕೊಂಡಳು. ನಲವತ್ತು ಜನರ ನಡುವೆ, ಇದನ್ನೇ ಕೇಳಿಸಿಕೊಳ್ಳಲು ಕಲಿಯುತ್ತಿದ್ದವರ ಎದುರಿಗೆ, ದಿನವನ್ನೂ ಸೇರಿಸಿ ಹೇಳಿದೆ. ಚಪ್ಪಾಳೆ ಹೊಡೆದರು. ಇನ್ನು ಹೇಳಲಿಲ್ಲವೆಂಬ ಬಾಕಿಯೂ ಉಳಿಯಲಿಲ್ಲ. ಬೆಳಿಗ್ಗೆ ಬರುವಾಗ ಅವಳೊಳಗೆ, ತನಗೇ ಗೊತ್ತಿಲ್ಲದೆ, ಯಾವುದೋ ಒಂದು ಎಳೆ ಜೋತಾಡುತ್ತಿತ್ತು. ಯಾರಾದರೂ ಹಿಡಿದು ಎಳೆದಾರು ಎಂದು. ಮಾಚೇನಹಳ್ಳಿ ದಾಟುವ ಹೊತ್ತಿಗೆ ಅದೂ ಬಿಟ್ಟುಹೋಗಿತ್ತು. ಅಳು ಬರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಪ್ರಮಾಣಪತ್ರದ ಕಡೆ ಬಗ್ಗಿ, ‘ಮಗಳದಾ?’ ಎಂದು ಕೇಳಿದಳು. ‘ಹೂಂ’ ಎಂದಳು ಶರಾವತಿ.

ನರಸಿಂಹಮೂರ್ತಿ ಅದನ್ನು ಓದಿ ಹಿಗ್ಗಿದರು. ‘ಇನ್ನು ನೀನು ನಾಲ್ಕು ಜನರ ಜೀವ ಉಳಿಸೋಳು. ಫ್ರೇಮ್ ಹಾಕಿಸೋಣ’ ಎಂದು ಸೀತಮ್ಮನ ಫೋಟೋದ ಕೆಳಗೆ ಗೋಡೆಗೆ ಒರಗಿಸಿ ಇಟ್ಟರು. ಆ ಸಂಜೆ ಅವರೇ ಸಾರು ಮಾಡಿದರು. ಒಂದು ವಾರದಿಂದ ಅವಳೇ ಕಲಿಸುತ್ತಿದ್ದಳು. ಉಪ್ಪು ಸರಿಯಾಗಿತ್ತು. ಇನ್ನು ಇವರಿಗೆ ತೊಂದರೆಯಿಲ್ಲ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಸದ್ದಾಯಿತು. ನರಸಿಂಹಮೂರ್ತಿ ಬೆಂಗಳೂರಿಗೆ ಒಯ್ಯುವ ಪಂಚೆಗಳನ್ನು ಮಡಚುತ್ತಿದ್ದರು. ಶರಾವತಿ ಹೊರಗೆ ಬಂದು ನೋಡಿದರೆ ದಾಕ್ಷಾಯಣಮ್ಮ, ಕಂಕುಳಲ್ಲಿ ಒಂದು ಬಟ್ಟೆಚೀಲ, ಮುಖದ ತುಂಬ ಬೆವರು.

‘ಮೂರು ಜನರನ್ನ ಕೇಳ್ಕಂಡು ಬಂದೆ ನಿನ್ನ ಮನೆಗೆ. ಒಬ್ಬ ದೇವಸ್ಥಾನದ ಕಡೆ ಕಳಿಸ್ದ, ಇನ್ನೊಬ್ಬ ಮೀನು ಮಾರ್ಕೆಟ್ಟಿಗೆ. ನೀರು ಕೊಡವ್ವ.’

‘ಫೋನ್ ಮಾಡಿದ್ರೆ ನಾನೇ ಬಸ್‌ಸ್ಟ್ಯಾಂಡಿಗೆ ಬರ್ತಿದ್ದೆ.’

‘ಫೋನಲ್ಲಿ ಆಗಲ್ಲ ಬಿಡು. ಜೋಳದ ಹಿಟ್ಟು ತಂದೀನಿ. ನೀವು ರೊಟ್ಟಿ ತಿಂತೀರೋ ಇಲ್ವೋ ಗೊತ್ತಿಲ್ಲ, ಬರಿಗೈಲಿ ಹೆಂಗೆ ಬರೋದು.’

ನರಸಿಂಹಮೂರ್ತಿ ಎದ್ದು ನಮಸ್ಕಾರ ಮಾಡಿದರು. ಟ್ರೈನಿಂಗಿನ ಸ್ನೇಹಿತೆ ಎಂದು ತಿಳಿದದ್ದೇ ಕಾಫಿ ತಾನೇ ಮಾಡುವುದಾಗಿ ಒಳಗೆ ಹೋದರು. ‘ಎಲ್ಲಾ ಕಲಿಸಿಬಿಟ್ಟಿದಾಳೆ ಇವಳು, ಡಿಕಾಕ್ಷನ್ ಹಾಕೋದೂ ಬರುತ್ತೆ ಈಗ’ ಎಂದು ನಗುತ್ತಾ ಹೇಳಿದರು. ದಾಕ್ಷಾಯಣಮ್ಮ ನಗಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಕಾಣುತ್ತಿದ್ದ ಫ್ರಿಜ್ಜನ್ನು, ಅದರ ಮೇಲಿನ ಹಾಳೆಯನ್ನು ನೋಡುತ್ತಾ ನಿಂತಳು.

‘ಹಿತ್ಲು ಎಲ್ಲೈತೆ? ಸ್ವಲ್ಪ ಗಾಳಿಗೆ ಕೂರೋಣ ಬಾ.’

ಹಿತ್ತಿಲಲ್ಲಿ ಒಗೆಯುವ ಕಲ್ಲಿತ್ತು. ಪಕ್ಕದಲ್ಲಿ ಒಂದು ತುಳಸಿ, ಒಂದು ಕರಿಬೇವು. ದಾಕ್ಷಾಯಣಮ್ಮ ಕಲ್ಲಿನ ಮೇಲೆ ಕುಳಿತಳು, ಶರಾವತಿ ಕರಿಬೇವಿನ ಬುಡದಲ್ಲಿ ನೆಲದ ಮೇಲೆ. ಚೀಲದಿಂದ ನೋಟ್‌ಬುಕ್ಕು ತೆಗೆದು, ಅದರೊಳಗಿನ ಚೀಟಿಯನ್ನು ಶರಾವತಿಯ ಮುಂದೆ ಹಿಡಿದಳು.

‘ನಿನ್ನೆ ಮನೆಗೆ ಹೋಗಿ ನಮ್ಮ ಯಜಮಾನ್ರಿಗೆ ಎಲ್ಲ ಹೇಳಿ ನಗಿಸ್ತಿದ್ದೆ. ನಾನು ಬಿಡ್ತು ಅನ್ನು ಅಂದಿದ್ದು, ಎಲ್ಲರೂ ನಕ್ಕಿದ್ದು. ಆಗ ಪುಸ್ತಕದಿಂದ ಇದು ಬಿತ್ತು. ಇವರು ಎತ್ಕಂಡು ಓದಿದ್ರು. ಓದಿ, ದಾಕ್ಷಾಯಣಿ, ಇದರಲ್ಲಿ ಸೋಮವಾರ ಅಂತ ಎಲ್ಲೈತೆ ಅಂದ್ರು. ನಾನು ಹಿಂದೆ ಮುಂದೆ ತಿರುಗಿಸಿ ನೋಡ್ದೆ. ಇಲ್ಲ. ನಾಲ್ಕು ಗಂಟೆಗೆ ಎದ್ದು ಕೂರೋದೂ ಇಲ್ಲ. ಒಳ್ಳೇಳು ಅಂತಾರೆ ಅನ್ನೋದೂ ಇಲ್ಲ.’

ಶರಾವತಿ ಕರಿಬೇವಿನ ಒಂದು ಎಸಳನ್ನು ಕಿತ್ತು ಎಲೆಗಳನ್ನು ಬಿಡಿಸತೊಡಗಿದಳು. ‘ಸುಮ್ನೆ ಬಾಯಿಗೆ ಬಂದಿದ್ದು ಹೇಳ್ದೆ.’

‘ಬಾಯಿಗೆ ಯಾಕೆ ಬಂತು?’

‘ಆಕ್ಟಿಂಗ್ ಅಂದ್ರಲ್ಲ ಅವರೇ.’

‘ಆ ಹುಡುಗಿ ಅಂದ್ಲು. ನಾನು ನಿನ್ನ ಮುಖದ ಎದುರಿಗೆ ಕೂತಿದ್ದೆ. ನಂಗೆ ಗೊತ್ತಾಗಬೇಕಿತ್ತು.’ ದಾಕ್ಷಾಯಣಮ್ಮನ ದನಿ ಸಣ್ಣಗಾಯಿತು. ಬಸ್ಸಿನುದ್ದಕ್ಕೂ ಕಂಠಪಾಠ ಮಾಡಿಕೊಂಡು ಬಂದವಳಂತೆ ನೆಟ್ಟಗೆ ಕುಳಿತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ‘ಶರಾವತಮ್ಮ, ಪಾತ್ರ ಅಲ್ಲ, ನಿನ್ನೇ ಕೇಳ್ತಿದೀನಿ. ನೀನು ಸಾಯ್ಬೇಕು ಅಂತ ಮಾಡಿದೀಯಾ? ನಾಳೆ?’

ಒಳಗೆ ಸ್ಟೌ ಹೊತ್ತಿಸಿದ ಸದ್ದು ಕೇಳಿತು. ಶರಾವತಿಯ ಬಾಯಿಗೆ ಬಂದದ್ದು ಇಪ್ಪತ್ತಾರು ವರ್ಷ ಈ ಮನೆಯಲ್ಲಿ ಕೇಳಿದ ಮಾತು.

‘ಭಾನುವಾರ ಬೆಳಿಗ್ಗೆ ಮನೆಗೆ ಬಂದು ಇದೆಂಥ ಮಾತು ಅಮ್ಮ. ಬಿಡ್ತು ಅನ್ನಿ.’

‘ಅನ್ನಲ್ಲ.’

‘ಅನ್ನಿ ಅಂದೆ.’ ಅವಳಿಗೇ ತಿಳಿಯದಂತೆ ದನಿ ಏರಿತ್ತು. ‘ತುಳಸಿ ಎದುರು ಕೂತು ಹಾಗನ್ನಬಾರದು. ಅನ್ನಿ.’

‘ನಿನ್ನೆ ಅನ್ನಿಸಿ ಕೆಟ್ಟೆ. ಇವತ್ತು ಅನ್ನಲ್ಲ, ನಿನ್ನ ಕೈಲೂ ಅನ್ಸಲ್ಲ. ನೀನು ಬೈದ್ರೂ ಬೈಸ್ಕೊಂಡು ಇಲ್ಲೇ ಕೂರ್ತೀನಿ.’

ಶರಾವತಿ ಎದ್ದು ಒಳಗೆ ಹೋಗಬೇಕೆಂದುಕೊಂಡಳು. ಅಲ್ಲೇ ಕುಳಿತಳು. ಏಳು ತಿಂಗಳಿಂದ ಬಾಗಿಲ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಬೆರಳನ್ನು ಯಾರೋ ಮುಟ್ಟಿದಂತಿತ್ತು. ಹೊರಕ್ಕೆ ಎಳೆದರೂ ನೋವು, ಬಿಟ್ಟರೂ ನೋವು.

‘ನಾನೇ ನಮ್ಮತ್ತೇನ ಕಳಿಸಿದ್ದು’ ಎಂದಳು.

ಹೇಳಿದಳು. ದೀಪ ಹಚ್ಚುವ ಹೊತ್ತು, ಮೂರನೆಯ ಹಾಸಿಗೆ, ಅತ್ತೆಯ ಅಲುಗಾಡಿದ ತುಟಿ, ತಾನು ಅನ್ನದೆ ಉಳಿದದ್ದು, ಒಂಬತ್ತು ದಿನ. ಒಂದೊಂದಾಗಿ, ಯಾರದೋ ಚೀಟಿ ಓದಿದಂತೆ, ಕರಿಬೇವಿನ ಎಲೆ ಬಿಡಿಸುತ್ತಲೇ ಹೇಳಿದಳು. ದಾಕ್ಷಾಯಣಮ್ಮ ನಡುವೆ ಬಾಯಿ ಹಾಕಲಿಲ್ಲ. ಹೂಂ ಹೂಂ ಎನ್ನಲೂ ಇಲ್ಲ. ಕಡ್ಡಿ ಬರಿದಾದ ಮೇಲೆ ಶರಾವತಿ ಅದನ್ನೇ ತಿರುಗಿಸುತ್ತಾ ಕುಳಿತಳು.

ದಾಕ್ಷಾಯಣಮ್ಮ ಅಂದಳು, ‘ನಾನೂ ನಮ್ಮತ್ತೆಗೆ ಅಂದಿದೀನಿ. ಒಂದ್ಸಲ ಅಲ್ಲ. ಅಂದ ಮೇಲೆ ಹನ್ನೆರಡು ವರ್ಷ ಇದ್ಲು ಪುಣ್ಯಾತ್ಗಿತ್ತಿ, ಮೂರು ಮೊಮ್ಮಕ್ಕಳ ಮದುವೆ ಉಂಡಳು. ಗಿರಣಿ ಓಡ್ತಿತ್ತು, ನಿಮ್ಮ ಅಸ್ತು ದೇವತೆಗಳಿಗೆ ಕೇಳಿಸಲಿಲ್ವೇನೋ.’

ಶರಾವತಿಯ ಎದೆಯಿಂದ ಒಂದು ಸದ್ದು ಬಂತು. ನಗುವೆಂದು ಶುರುವಾಗಿ ನಡುವೆ ಮುರಿಯಿತು. ಆಮೇಲೆ ನಿಲ್ಲಲಿಲ್ಲ. ಅವಳು ಒಗೆಯುವ ಕಲ್ಲಿನ ಅಂಚಿಗೆ ಹಣೆಯಿಟ್ಟು ಅತ್ತಳು. ದಾಕ್ಷಾಯಣಮ್ಮ ಕೆಳಗಿಳಿದು ಅವಳ ಪಕ್ಕ ನೆಲದ ಮೇಲೆ ಕುಳಿತಳು. ಅಳಬೇಡ ಎನ್ನಲಿಲ್ಲ. ಬೆನ್ನಿನ ಮೇಲೆ ಕೈಯಿಟ್ಟುಕೊಂಡಿದ್ದಳು, ಆ ಕೈಗೆ ಜೋಳದ ಹಿಟ್ಟಿನ ವಾಸನೆಯಿತ್ತು.

‘ಹೇಳಿದ್ರಿಂದ ಏನೂ ಹೋಗಿಲ್ಲ ಅಮ್ಮ’ ಎಂದಳು ಶರಾವತಿ ಕೊನೆಗೆ. ‘ಇನ್ನೂ ಹಾಗೇ ಇದೆ. ನಾಳೆ ಅಂದ್ರೆ ಇನ್ನೂ ಬೇಕು ಅನ್ಸುತ್ತೆ.’

‘ಅನ್ಸಲಿ. ನಂಗೆ ಅದನ್ನ ತೆಗಿಯೋಕೆ ಬರಲ್ಲ. ಅದಕ್ಕೆ ಡಾಕ್ಟ್ರು ಇದಾರೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ. ಆ ಹುಡುಗಿ ಸುಮನಾಗೆ ಬಸ್ಸಲ್ಲೇ ಫೋನ್ ಮಾಡ್ದೆ. ಪಾಪ, ಅಳಕ್ಕೇ ಶುರು ಮಾಡ್ತು. ತಾನೇ ಬಂದು ಆಸ್ಪತ್ರೆ ಬಾಗಿಲಲ್ಲಿ ನಿಂತಿರ್ತೀನಿ ಅಂದ್ಲು. ಅಲ್ಲೀವರೆಗೆ ನಾನು ಇಲ್ಲೇ. ನಿನ್ನ ಒಬ್ಬಳನ್ನೇ ಬಿಡಲ್ಲ. ಈಗ ಒಂದು ಉಳೀತು. ನಿಮ್ಮ ಯಜಮಾನ್ರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?’

‘ಅವರಿಗೆ ಬೇಡ.’

‘ಬೇಕು.’

ನರಸಿಂಹಮೂರ್ತಿ ತಟ್ಟೆಯಲ್ಲಿ ಮೂರು ಲೋಟ ಇಟ್ಟುಕೊಂಡು ಹಿತ್ತಿಲ ಬಾಗಿಲಿಗೆ ಬಂದರು. ನೆಲದ ಮೇಲೆ ಕುಳಿತಿದ್ದ ಇಬ್ಬರನ್ನು, ಹೆಂಡತಿಯ ಮುಖವನ್ನು ನೋಡಿ ಅಲ್ಲೇ ನಿಂತರು. ‘ಏನಾಯ್ತು ಶರಾ? ಬಿದ್ದೆಯಾ?’

ಬಿದ್ದೆ ಎಂದುಬಿಡಬಹುದಿತ್ತು. ಕಾಲು ಜಾರಿತು ಎಂದರೆ ಅವರು ಅಯೋಡೆಕ್ಸ್ ತರುತ್ತಿದ್ದರು. ದಾಕ್ಷಾಯಣಮ್ಮ ಸುಮ್ಮನೆ ಅವಳನ್ನು ನೋಡುತ್ತಿದ್ದಳು. ಮಾತಿಲ್ಲದ ಆ ನೋಟ ಅತ್ತೆಯದರಂತೆಯೇ ಇತ್ತು. ಅಥವಾ ಅತ್ತೆಯ ನೋಟದಲ್ಲೂ ಇಷ್ಟೇ ಇದ್ದಿರಬಹುದೇ, ಒಂದು ಕಾಯುವಿಕೆ ಅಷ್ಟೇ ಇದ್ದಿರಬಹುದೇ. ಗೊತ್ತಿಲ್ಲ. ಅದನ್ನು ಈಗ ಯಾರೂ ಹೇಳಲಾರರು.

‘ರೀ’ ಎಂದಳು, ‘ನಂಗೆ ಬದುಕೋಕೆ ಆಗ್ತಿಲ್ಲ. ನೀವು ಬೆಂಗಳೂರಿಗೆ ಹೋದ ಮೇಲೆ ಸಾಯ್ಬೇಕು ಅಂತ ಇದ್ದೆ.’

ಅವರ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ‘ಬಿಡ್ತು ಅನ್ನು’ ಎಂದರು, ಬಹಳ ಮೆಲ್ಲಗೆ, ಚಿಕ್ಕ ಹುಡುಗ ತಾಯಿಯ ಮಾತನ್ನು ಒಪ್ಪಿಸುವಂತೆ. ‘ಬಿಡ್ತು ಅನ್ನು ಮಾರಾಯ್ತಿ.’

ಶರಾವತಿ ಅನ್ನಲಿಲ್ಲ.

ಅವರು ಕಾದರು. ಪಕ್ಕದ ಮನೆಯಲ್ಲಿ ಯಾರೋ ಕೊಡಕ್ಕೆ ನೀರು ಬಿಟ್ಟರು, ಕೊಡ ತುಂಬುವವರೆಗೂ ಸದ್ದು ಬದಲಾಗುತ್ತಾ ಹೋಯಿತು. ಅವಳು ಅನ್ನಲಿಲ್ಲ. ಆಗ ನರಸಿಂಹಮೂರ್ತಿ ತಟ್ಟೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಕೈ ಬಿಡಲು ಮರೆತವರಂತೆ ಅದನ್ನೇ ಹಿಡಿದುಕೊಂಡು ಕೇಳಿದರು.

‘ಹಾಗಾದ್ರೆ ಫ್ರಿಜ್ಜಿನ ಮೇಲೆ ಬರೆದಿದ್ದು... ಸಾರು ಕಲಿಸಿದ್ದು...’

ಅವಳು ತಲೆಯಾಡಿಸಿದಳು.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಮಡಚಿದ ಪಂಚೆಯೊಂದು ಹೆಗಲ ಮೇಲೆ ಇನ್ನೂ ಇತ್ತು. ಅದನ್ನು ತೆಗೆದು ಮುಖಕ್ಕೆ ಒತ್ತಿಕೊಂಡರು. ಅವರು ಅಳುವುದನ್ನು ತಾಯಿ ಹೋದಾಗಲೂ ಅವಳು ನೋಡಿರಲಿಲ್ಲ. ಹೋಗಿ ಸಮಾಧಾನ ಮಾಡಬೇಕೆಂದು ಏಳಹೋದಳು. ದಾಕ್ಷಾಯಣಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. ‘ಕೂತ್ಕೋ. ಅವರೂ ಸ್ವಲ್ಪ ಅಳಲಿ. ಎಲ್ಲರನ್ನೂ ನೀನೇ ನೋಡ್ಕೋಬೇಕಿಲ್ಲ.’

ಆಮೇಲೆ ಆಕೆ ಫೋನ್ ತೆಗೆದು ಗಂಡನಿಗೆ ಹಚ್ಚಿದಳು. ‘ಏನ್ರೀ, ಇವತ್ತು ಬರಲ್ಲ. ನಾಳೆನೂ ಗಿರಣಿ ನೀವೇ ನೋಡ್ಕಳಿ... ಬೆಲ್ಟು ಕಿತ್ತೋಗಿದ್ರೆ ಕಟ್ಕೊಳಿ, ನಾನೇನು ಇಲ್ಲಿಂದ ಹಾರಿ ಬರ್ಲಾ... ಹೂಂ. ಇದಾಳೆ. ಪಕ್ಕದಲ್ಲೇ ಇದಾಳೆ.’

ಮೂರು ಲೋಟದ ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಶರಾವತಿಗೆ ಹಗುರವೇನೂ ಆಗಲಿಲ್ಲ. ಎದೆಯಲ್ಲಿ ಅದೇ ಕಲ್ಲು, ಬೆಳಿಗ್ಗೆಯ ನಾಲ್ಕು ಗಂಟೆ ಮತ್ತೆ ಬರುತ್ತದೆ, ಮಂಚದ ಹತ್ತಿರ ಮತ್ತೆ ನಿಲ್ಲಬೇಕಾಗುತ್ತದೆ. ಸೋಮವಾರ ಎಲ್ಲಿಗೂ ಹೋಗಿರಲಿಲ್ಲ. ಆದರೆ ಅದು ಈಗ ಅವಳೊಬ್ಬಳದಾಗಿ ಉಳಿದಿರಲಿಲ್ಲ. ಆಲ್ಕೊಳದ ಗಿರಣಿಯಲ್ಲಿ ಬೆಲ್ಟು ಕಟ್ಟುತ್ತಿರುವ, ಅವಳು ಮುಖವನ್ನೇ ನೋಡಿರದ ಒಬ್ಬ ಮುದುಕನಿಗೂ ಗೊತ್ತಿತ್ತು.

ನರಸಿಂಹಮೂರ್ತಿ ಎದ್ದು ಒಳಗೆ ಹೋದರು. ಹಾಳೆ ಹರಿದ ಸದ್ದು ಕೇಳಿತು. ತಿರುಗಿ ಬಂದು, ಮುದುರಿದ ಕಾಗದವನ್ನು ಮುಷ್ಟಿಯಲ್ಲೇ ಇಟ್ಟುಕೊಂಡು, ಅವಳ ಇನ್ನೊಂದು ಪಕ್ಕ ನೆಲದ ಮೇಲೆ ಕುಳಿತರು.

‘ಸಂಜೆ ಮಾತ್ರೆ ಯಾವುದು ಅಂತ ಮರೆತುಹೋಯ್ತು ನಂಗೆ’ ಎಂದರು. ‘ನೀನೇ ಹೇಳ್ಬೇಕು.’

ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ‘ಬಿಳೀದು’ ಎಂದಳು, ಅವರ ಮುಷ್ಟಿಯನ್ನೇ ನೋಡುತ್ತಾ.